ಕುರ್ಚಿ ಯಾರ ಮಾತು ಕೇಳಬೇಕು?

2010ರಲ್ಲಿ ನಾವು ನಾಲ್ಕು ಜನ ಹುಡುಗರು ಬಿಇ ಕೊನೇ ವರ್ಷದ ಪ್ರಾಜೆಕ್ಟಿಗೆ ಅಂತ ಒಂದು 'ಸ್ಮಾರ್ಟ್ ವೀಲ್‌ಚೇರ್' ಮಾಡಿದ್ವಿ. ಆ ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಯಾರನ್ನಾದರೂ ಕೇಳಿ ನೋಡಿ, ಅವರ ಬ್ಯಾಚಿನಲ್ಲಿ ಒಂದು ಟೀಮಾದರೂ ಇದೇ ಪ್ರಾಜೆಕ್ಟ್ ಮಾಡಿರುತ್ತೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಂದು 8051 ಮೈಕ್ರೋಕಂಟ್ರೋಲರ್ ಬೋರ್ಡು, ಎಚ್‌ಎಂ2007 ಅನ್ನೋ ಧ್ವನಿ ಗುರುತಿಸುವ ಚಿಪ್ಪು, ಒಂದು ಅಲ್ಟ್ರಾಸಾನಿಕ್ ಸೆನ್ಸರ್ ತಂದ್ವಿ. ಗುಜರಿಯಲ್ಲಿ ಸಿಕ್ಕ ಹಳೇ ವೀಲ್‌ಚೇರಿಗೆ ಕಾರಿನ ಎರಡು ವೈಪರ್ ಮೋಟರ್ ಕಟ್ಟಿದ್ವಿ. ಮೈಕಿನಲ್ಲಿ 'ಫಾರ್ವರ್ಡ್' ಅಂದ್ರೆ ಮುಂದೆ ಹೋಗೋದು, 'ಸ್ಟಾಪ್' ಅಂದ್ರೆ ನಿಲ್ಲೋದು. ಮುಂದೆ ಏನಾದರೂ ಅಡ್ಡ ಬಂದರೆ ಒಂದೂವರೆ ಅಡಿ ದೂರದಲ್ಲೇ ತಾನಾಗಿ ನಿಂತುಬಿಡೋದು. ಕಾಲೇಜಿನ ಎಕ್ಸಿಬಿಷನ್ನಿನಲ್ಲಿ ಮೊದಲ ಬಹುಮಾನ ಬಂತು.

ಆ ಕುರ್ಚಿನ ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ಊರಿಗೆ ತಂದೆ. ಯಾಕಂದ್ರೆ ನಮ್ಮ ಚಿಕ್ಕಪ್ಪನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡೂ ಕಾಲಿಗೆ ಶಕ್ತಿ ಇಲ್ಲ. ಬಸ್ ಸ್ಟ್ಯಾಂಡ್ ಹತ್ರ ಸೈಕಲ್ ಶಾಪ್ ಇಟ್ಟುಕೊಂಡಿದ್ದಾರೆ. ಸರ್ಕಾರದ ಕ್ಯಾಂಪಿನಲ್ಲಿ ಕೊಟ್ಟ, ಕೈಯಲ್ಲಿ ಪೆಡಲ್ ತುಳಿಯೋ ತ್ರಿಚಕ್ರ ಸೈಕಲ್ಲೇ ಅವರ ವಾಹನ. ಈ ಕುರ್ಚಿ ನೋಡಿ ಖುಷಿಪಡ್ತಾರೆ ಅಂದುಕೊಂಡಿದ್ದೆ.

ಚಿಕ್ಕಪ್ಪ ಕೂತರು. 'ಫಾರ್ವರ್ಡ್' ಅಂದರು. ಕುರ್ಚಿ ಅಲ್ಲಾಡಲಿಲ್ಲ. ಗಟ್ಟಿಯಾಗಿ ಅಂದರು. ಊಹೂಂ. ಆ ಚಿಪ್ಪು ಯಾರ ದನಿಯಲ್ಲಿ ಕಲಿಸಿರ್ತೀವೋ ಅವರ ದನಿಗೆ ಮಾತ್ರ ಓಗೊಡೋದು. ನಾವು ಕಲಿಸಿದ್ದು ನನ್ನ ದನಿಯಲ್ಲಿ. ನಾನು ಪಕ್ಕದಲ್ಲಿ ನಿಂತು 'ಫಾರ್ವರ್ಡ್' ಅಂದೆ, ಹೊರಟಿತು. ಅಂಗಡಿಯ ಗೋಡೆಗೆ ಒಂದೂವರೆ ಅಡಿ ಇರುವಾಗ ನಿಂತಿತು. ನಾನು ಹೆಮ್ಮೆಯಿಂದ ನೋಡಿದೆ. ಚಿಕ್ಕಪ್ಪ ಗೋಡೆ ಮೇಲಿನ ಸ್ವಿಚ್ಚಿಗೆ ಕೈ ಚಾಚಿದರು, ಎಟುಕಲಿಲ್ಲ.

"ಅಲ್ವೋ, ನಂಗೆ ಕೆಲ್ಸ ಇರೋದೇ ಗೋಡೆ ಹತ್ರ. ಅಲ್ಲಿಗೆ ಹೋಗ್ಬೇಕು ಅಂದ್ರೆ ಇದಕ್ಕೆ ಏನಂತ ಹೇಳ್ಬೇಕು?"

ನನ್ನ ಹತ್ರ ಉತ್ತರ ಇರಲಿಲ್ಲ. ಇಳಿಯುವಾಗ ಇನ್ನೊಂದು ಮಾತು ಸೇರಿಸಿದರು: "ಇದು ಕೂತವನ ಮಾತು ಕೇಳಲ್ಲ ಕಣೋ, ನಿಂತವನ ಮಾತು ಕೇಳ್ತದೆ."

ಆ ಕುರ್ಚಿ ಆಮೇಲೆ ಕೊಟ್ಟಿಗೆ ಸೇರಿತು. ನಾನು ಬೆಂಗಳೂರು ಸೇರಿ ಸಾಫ್ಟ್‌ವೇರ್ ಕೆಲಸ ಹಿಡಿದೆ. ಆದರೆ ಆ ಮಾತು ಮಾತ್ರ ತಲೆಯಲ್ಲೇ ಉಳಿಯಿತು. ಬಿಡುವಾದಾಗ ಗಾಲಿಕುರ್ಚಿಯ ಇತಿಹಾಸ ಓದುತ್ತಾ ಹೋದೆ. ಓದಿದಷ್ಟೂ ಅನ್ನಿಸಿದ್ದು ಇಷ್ಟು: ನಾಲ್ಕು ನೂರು ವರ್ಷದಿಂದ ಈ ಕುರ್ಚಿಯ ಸುತ್ತ ನಡೆದಿರೋದು ಚಿಕ್ಕಪ್ಪ ಕೇಳಿದ ಪ್ರಶ್ನೆಯ ಜಗಳವೇ. ಕುರ್ಚಿ ಯಾರ ಮಾತು ಕೇಳಬೇಕು?

ರಾಜನ ಕುರ್ಚಿ, ಗಡಿಯಾರದವನ ಕುರ್ಚಿ

1595ರ ಸುಮಾರಿಗೆ ಸ್ಪೇನಿನ ದೊರೆ ಎರಡನೇ ಫಿಲಿಪ್‌ಗೆ ಒಂದು ಕುರ್ಚಿ ಮಾಡಿಕೊಟ್ಟಿದ್ದರು. ದೊರೆಗೆ ವಿಪರೀತ ಸಂಧಿವಾತ, ನಡೆಯೋಕೆ ಆಗ್ತಿರಲಿಲ್ಲ. ಆ ಕುರ್ಚಿಗೆ ಚಿಕ್ಕ ಚಿಕ್ಕ ಗಾಲಿ, ಹಿಂದಕ್ಕೆ ಒರಗಿಸುವ ಬೆನ್ನು, ಕಾಲು ಚಾಚೋಕೆ ಹಲಗೆ, ಎಲ್ಲ ಇತ್ತು. ಅದರ ಚಿತ್ರ ಈಗಲೂ ಉಳಿದಿದೆ. ಒಂದೇ ಕೊರತೆ ಅಂದ್ರೆ ಕೂತವನು ಅದನ್ನು ತಾನಾಗಿ ನಡೆಸೋ ಹಾಗಿರಲಿಲ್ಲ. ದೊರೆಗೇನು, ತಳ್ಳೋಕೆ ಆಳುಗಳಿದ್ದರು.

ಅದಾಗಿ ಅರವತ್ತು ವರ್ಷಕ್ಕೆ, 1655ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದ ಆಲ್ಟ್‌ಡಾರ್ಫ್ ಅನ್ನೋ ಊರಲ್ಲಿ ಸ್ಟೀಫನ್ ಫಾರ್ಫ್ಲರ್ ಅನ್ನೋ ಹುಡುಗ ಇನ್ನೊಂದು ಗಾಡಿ ಮಾಡಿದ. ಅವನಿಗೆ ಆಗ ಇಪ್ಪತ್ತೆರಡು ವರ್ಷದ ಆಸುಪಾಸು. ಕಾಲಿಗೆ ಶಕ್ತಿ ಇರಲಿಲ್ಲ. ಕಸುಬು ಗಡಿಯಾರ ಮಾಡೋದು. ಹಲ್ಲುಚಕ್ರ ಅವನಿಗೆ ಹೊಸದಲ್ಲವಲ್ಲ! ಮೂರು ಗಾಲಿಯ ಗಾಡಿಗೆ ಕೈಯಲ್ಲಿ ತಿರುಗಿಸುವ ಹಿಡಿಕೆ ಕೊಟ್ಟು, ಹಲ್ಲುಚಕ್ರದ ಮೂಲಕ ಮುಂದಿನ ಗಾಲಿ ತಿರುಗುವ ಹಾಗೆ ಮಾಡಿಕೊಂಡ. ಯಾರ ಸಹಾಯವೂ ಇಲ್ಲದೆ ಓಡಾಡಿದ. ಕೂತವನೇ ನಡೆಸುವ ಗಾಲಿಕುರ್ಚಿಗಳಲ್ಲಿ ನಮಗೆ ಗೊತ್ತಿರುವ ಮೊದಲನೆಯದು ಇದು. ನಮ್ಮೂರ ಕೈಪೆಡಲ್ ಸೈಕಲ್ಲಿನ ಮುತ್ತಜ್ಜ ಅಂತಲೇ ಹೇಳಬಹುದು.

ಈ ಎರಡು ಗಾಡಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ದೊರೆಯದ್ದು ಬೇರೆಯವರು ಅವನಿಗಾಗಿ ಮಾಡಿದ್ದು, ಬೇರೆಯವರೇ ತಳ್ಳಿದ್ದು. ಗಡಿಯಾರದವನದ್ದು ತಾನೇ ಮಾಡಿ ತಾನೇ ನಡೆಸಿದ್ದು. ಆಮೇಲಿನ ಕುರ್ಚಿಗಳೆಲ್ಲ ಈ ಎರಡರಲ್ಲಿ ಒಂದರ ವಂಶಕ್ಕೆ ಸೇರಿದ್ದೇ ಅನ್ನಿಸುತ್ತೆ ನನಗೆ.

1783ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಜಾನ್ ಡಾಸನ್ ಮಾಡಿದ 'ಬಾತ್ ಚೇರ್' ದೊರೆಯ ವಂಶದ್ದು. ಆ ಊರಿನ ಬಿಸಿನೀರ ಬುಗ್ಗೆಗೆ ಬರುತ್ತಿದ್ದ ಕಾಯಿಲೆಯ ಶ್ರೀಮಂತರನ್ನು ಕೂರಿಸಿ ಆಳುಗಳು ತಳ್ಳುತ್ತಿದ್ದರು ಇಲ್ಲವೇ ಎಳೆಯುತ್ತಿದ್ದರು.

1933ರಲ್ಲಿ ಅಮೆರಿಕದಲ್ಲಿ ಬಂದ ಮಡಚುವ ಕುರ್ಚಿ ಗಡಿಯಾರದವನ ವಂಶದ್ದು. ಹರ್ಬರ್ಟ್ ಎವರೆಸ್ಟ್ ಅನ್ನೋ ಗಣಿ ಎಂಜಿನಿಯರ್‌ಗೆ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದಿತ್ತು. ಆಗಿನ ಕುರ್ಚಿಗಳೋ ಭಾರವಾದ ಮರದ ಪೀಠೋಪಕರಣಗಳು, ಕಾರಿನೊಳಗೆ ಹಿಡಿಯುತ್ತಿರಲಿಲ್ಲ. ಎವರೆಸ್ಟ್ ಮತ್ತು ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಸೇರಿ ಉಕ್ಕಿನ ಪೈಪಿನಲ್ಲಿ, ಕತ್ತರಿಯ ಹಾಗೆ ಮಡಚಿಕೊಳ್ಳುವ ಕುರ್ಚಿ ಮಾಡಿದರು. ಇವತ್ತಿಗೂ ನಮ್ಮ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರೋದು ಅದೇ ಡಿಸೈನು.

ಇಲ್ಲೊಂದು ವಿಚಿತ್ರ ನೋಡಿ. ಕೂತವನ ಕಷ್ಟದಿಂದಲೇ ಹುಟ್ಟಿದ ಆ ಕಂಪನಿ ಬೆಳೆದು ಬೆಳೆದು ಮಾರುಕಟ್ಟೆಯನ್ನೇ ಹಿಡಿದುಕೊಂಡಿತು. 1977ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಎವರೆಸ್ಟ್ ಅಂಡ್ ಜೆನ್ನಿಂಗ್ಸ್ ಮೇಲೆ ಏಕಸ್ವಾಮ್ಯದ ಕೇಸು ಹಾಕಬೇಕಾಯಿತು.

ಜಾಯ್‌ಸ್ಟಿಕ್ ತಿರುಗಿಸಿ ಹಾಕಿದವರು

ಕೈಯಲ್ಲೂ ಶಕ್ತಿ ಇಲ್ಲದವರ ಗತಿ ಏನು? ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ಯಾಕಂದ್ರೆ ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾದವರು ಹೆಚ್ಚು ದಿನ ಬದುಕುತ್ತಲೇ ಇರಲಿಲ್ಲ. ಹಾಸಿಗೆ ಹುಣ್ಣು, ಮೂತ್ರಕೋಶದ ಸೋಂಕು ಅವರನ್ನು ತೆಗೆದುಕೊಂಡು ಹೋಗುತ್ತಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆನಿಸಿಲಿನ್ ಬಂತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಗಾಯಾಳುಗಳಿಗೇ ಬೇರೆ ವಿಭಾಗ ತೆರೆದು, ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸುವ ಶಿಸ್ತು ತಂದರು. ಸೈನಿಕರು ಬದುಕಿ ಉಳಿದರು. ಬದುಕಿದ ಮೇಲೆ ಓಡಾಡಬೇಕಲ್ಲ?

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಾರ್ಜ್ ಕ್ಲೈನ್ ಅನ್ನೋ ಎಂಜಿನಿಯರ್ ಇಂಥ ಸೈನಿಕರಿಗಾಗಿಯೇ ವಿದ್ಯುತ್ ಗಾಲಿಕುರ್ಚಿ ಮಾಡಿದರು. ಎಡಗಾಲಿಗೊಂದು, ಬಲಗಾಲಿಗೊಂದು ಬೇರೆ ಬೇರೆ ಮೋಟರ್, ನಡುವೆ ಜಾಯ್‌ಸ್ಟಿಕ್. ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿದರೆ ಕುರ್ಚಿ ನಿಂತ ಜಾಗದಲ್ಲೇ ತಿರುಗುತ್ತೆ. ನಾವು 2010ರಲ್ಲಿ ವೈಪರ್ ಮೋಟರ್ ಕಟ್ಟಿ ಮಾಡಿದ್ದೂ ಇದೇ ಯುಕ್ತಿ. 1955ರಲ್ಲಿ ಕೆನಡಾ ಆ ಕುರ್ಚಿಯ ಒಂದು ಮಾದರಿಯನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟಿತು.

ಮಷೀನು ಬಂತು. ಅದನ್ನು ತಮ್ಮ ಮಾತು ಕೇಳುವ ಹಾಗೆ ಮಾಡಿಕೊಂಡವರು ಯಾರು ಅಂತ ನೋಡೋಕೆ ಕ್ಯಾಲಿಫೋರ್ನಿಯಾಗೆ ಹೋಗಬೇಕು. ಎಡ್ ರಾಬರ್ಟ್ಸ್‌ಗೆ 1953ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ ಆಯಿತು. ಕುತ್ತಿಗೆಯ ಕೆಳಗೆ ಒಂದೆರಡು ಬೆರಳು ಬಿಟ್ಟರೆ ಏನೂ ಆಡುತ್ತಿರಲಿಲ್ಲ. ರಾತ್ರಿ ಮಲಗೋದು ಉಸಿರಾಡಿಸುವ ಕಬ್ಬಿಣದ ಪೀಪಾಯಿಯೊಳಗೆ. ರಾಜ್ಯದ ಪುನರ್ವಸತಿ ಇಲಾಖೆ, ಇವನು ಕೆಲಸ ಮಾಡುವ ಸಾಧ್ಯತೆಯೇ ಇಲ್ಲ ಅಂತ ಓದಿನ ಖರ್ಚು ಕೊಡೋಕೆ ನಿರಾಕರಿಸಿತು. ಜಗಳ ಆಡಿ ಪಡೆದರು. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಾಗ ಆ ಪೀಪಾಯಿ ಯಾವ ಹಾಸ್ಟೆಲ್ಲಿಗೂ ಹಿಡಿಸಲಿಲ್ಲ. ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ಕೋಣೆಯೇ ಅವರ ಹಾಸ್ಟೆಲ್ ಆಯಿತು.

ಎಡ್‌ಗೆ ವಿದ್ಯುತ್ ಕುರ್ಚಿ ನಡೆಸೋಕೆ ಆಗಲ್ಲ ಅಂತಲೇ ಎಲ್ಲರೂ ಹೇಳಿದ್ದರು. ಅಷ್ಟರಲ್ಲಿ ಅವರು ಒಂದು ಹುಡುಗಿಯನ್ನು ಪ್ರೀತಿಸಿದರು. ಕುರ್ಚಿ ತಳ್ಳುವವನು ಸದಾ ಹಿಂದೆ ನಿಂತಿದ್ದರೆ ಇಬ್ಬರೇ ಮಾತಾಡೋದು ಎಲ್ಲಿಂದ ಬಂತು? ಅವರ ಬೆರಳಿಗೆ ಜಾಯ್‌ಸ್ಟಿಕ್ಕನ್ನು ಮುಂದೆ ತಳ್ಳುವ ಶಕ್ತಿ ಇರಲಿಲ್ಲ, ತನ್ನ ಕಡೆಗೆ ಎಳೆದುಕೊಳ್ಳುವ ಶಕ್ತಿ ಸ್ವಲ್ಪ ಇತ್ತು. ಕಂಟ್ರೋಲನ್ನೇ ಉಲ್ಟಾ ತಿರುಗಿಸಿ ಕೂರಿಸಿದರು. ಎಳೆದರೆ ಮುಂದೆ ಹೋಗುವ ಹಾಗೆ! ಮೋಟರ್ ಅದೇ, ಬ್ಯಾಟರಿ ಅದೇ. ಬದಲಾದದ್ದು ಎರಡು ತಿರುಪು ಬಿಚ್ಚಿ ಹಾಕುವಷ್ಟು ಕೆಲಸ.

ಎಡ್ ಮತ್ತು ಅವರ ಜೊತೆಯವರು ಅಲ್ಲಿಗೇ ನಿಲ್ಲಲಿಲ್ಲ. ವಿದ್ಯಾರ್ಥಿಗಳಿಗಾಗಿ ಗಾಲಿಕುರ್ಚಿ ರಿಪೇರಿ ಶುರುಮಾಡಿದರು. ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿ ಅಂತ ನಗರಸಭೆಯ ಬೆನ್ನು ಬಿದ್ದರು. 1972ರಲ್ಲಿ 'ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್' ಹುಟ್ಟಿತು. 1975ರಲ್ಲಿ ಅದೇ ಪುನರ್ವಸತಿ ಇಲಾಖೆಗೆ ಎಡ್ ನಿರ್ದೇಶಕರಾದರು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೇಂದ್ರ ಸರ್ಕಾರಿ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಅಂಗವಿಕಲರು ಹೆಚ್ಚುಕಡಿಮೆ ನಾಲ್ಕು ವಾರ ಧರಣಿ ಕೂತು, ತಾರತಮ್ಯ ತಡೆಯುವ ನಿಯಮಗಳಿಗೆ ಸಹಿ ಹಾಕಿಸಿದರು.

ಕುರ್ಚಿಗೆ ಬುದ್ಧಿ ಬಂದಾಗ

1980ರ ದಶಕದಲ್ಲಿ ಕಂಪ್ಯೂಟರ್ ಚಿಕ್ಕದಾಯಿತು, ಅಗ್ಗವಾಯಿತು. ರೋಬಾಟ್ ಮಾಡುವವರ ಕಣ್ಣು ಗಾಲಿಕುರ್ಚಿ ಮೇಲೆ ಬಿತ್ತು. 1986ರಲ್ಲಿ ಮದರಾಸ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಕ್ಯಾಮೆರಾ, ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ ಕುರ್ಚಿಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇಂಥ ಕೋಣೆಗೆ ಹೋಗು ಅಂದರೆ ಆಫೀಸು ಕಟ್ಟಡದೊಳಗೆ ತಾನೇ ದಾರಿ ಹುಡುಕಿಕೊಂಡು ಹೋಗಬೇಕು ಅನ್ನೋದು ಅದರ ಗುರಿ.

ಇದು ಬರೀ ಶೋಕಿಯ ಸಂಶೋಧನೆ ಅಂತ ತಿಳಿಯಬೇಡಿ. ಕೈ ನಡುಗುವವರು, ಕಣ್ಣೂ ಮಂದ ಇರುವವರು, ಸೆರೆಬ್ರಲ್ ಪಾಲ್ಸಿಯ ಮಕ್ಕಳು, ಇವರಿಗೆಲ್ಲ ಮಾಮೂಲಿ ಜಾಯ್‌ಸ್ಟಿಕ್ ಸಾಲದು. 2000ದಲ್ಲಿ ಅಮೆರಿಕದ ವೈದ್ಯರು, ಥೆರಪಿಸ್ಟುಗಳನ್ನು ಕೇಳಿ ಮಾಡಿದ ಒಂದು ಸಮೀಕ್ಷೆ ಇದೆ. ವಿದ್ಯುತ್ ಕುರ್ಚಿಯ ತರಬೇತಿ ಪಡೆದವರಲ್ಲಿ ಶೇ. 40 ಮಂದಿಗೆ ತಿರುಗಿಸುವುದು, ಇಕ್ಕಟ್ಟಿನಲ್ಲಿ ನುಗ್ಗಿಸುವುದು ತುಂಬ ಕಷ್ಟ ಅಥವಾ ಅಸಾಧ್ಯ ಅಂತ ಅದರಲ್ಲಿ ಬಂತು. ಮಾಮೂಲಿ ವಿಧಾನದಲ್ಲಿ ಕುರ್ಚಿ ನಡೆಸಲಾಗದವರಲ್ಲಿ ಅರ್ಧದಷ್ಟು ಜನಕ್ಕೆ ತಾನಾಗಿ ದಾರಿ ನೋಡಿಕೊಳ್ಳುವ ಕುರ್ಚಿಯಿಂದ ಉಪಯೋಗ ಆಗುತ್ತೆ ಅಂತಲೂ ಅವರು ಹೇಳಿದರು.

ಇವರಿಗಾಗಿ ಮಾಡಿದ ಕುರ್ಚಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ಮಿಷಿಗನ್ ವಿಶ್ವವಿದ್ಯಾಲಯದ 'ನ್ಯಾವ್‌ಚೇರ್'. 1990ರ ದಶಕದ ಕೆಲಸ. ಮಾಮೂಲಿ ವಿದ್ಯುತ್ ಕುರ್ಚಿಗೆ ಹನ್ನೆರಡು ಅಲ್ಟ್ರಾಸಾನಿಕ್ ಸೆನ್ಸರ್ ಕಟ್ಟಿದ್ದರು. ಸೆನ್ಸರ್ ನಮ್ಮ ಕಿವಿಗೆ ಕೇಳದ ಒಂದು ಸದ್ದು ಹೊರಡಿಸುತ್ತೆ, ಪ್ರತಿಧ್ವನಿಗೆ ಕಾಯುತ್ತೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಒಂದು ಮೀಟರ್ ದೂರದ ಗೋಡೆಗೆ ಹೋಗಿ ವಾಪಸು ಬರೋಕೆ ಸುಮಾರು 6 ಮಿಲಿಸೆಕೆಂಡ್. ಬಾವಿಯೊಳಗೆ 'ಕೂ' ಅಂತ ಕೂಗಿ ಆಳ ಅಂದಾಜು ಮಾಡ್ತೀವಲ್ಲ, ಅದೇ ಲೆಕ್ಕ. ಕಂಪ್ಯೂಟರು ಕುರ್ಚಿಯ ಸುತ್ತಲ ಜಾಗವನ್ನು ಚೌಕಾಬಾರದ ಮನೆಗಳ ಹಾಗೆ ಚಿಕ್ಕ ಚಿಕ್ಕ ಚೌಕ ಮಾಡಿಕೊಂಡು, ಪ್ರತಿಧ್ವನಿ ಬಂದ ಮನೆಗೆ ಒಂದೊಂದು ಅಂಕ ಏರಿಸುತ್ತಾ ಹೋಗುತ್ತೆ. ಜಾಸ್ತಿ ಅಂಕ ಇರುವ ಕಡೆ ಅಡ್ಡಿ ಇದೆ, ಕಮ್ಮಿ ಇರುವ ಕಡೆ ದಾರಿ ಇದೆ.

ಈ ಲೆಕ್ಕಾಚಾರ ಮೊದಲು ಹುಟ್ಟಿದ್ದು ಅದೇ ವಿಶ್ವವಿದ್ಯಾಲಯದ ಬೋರೆನ್‌ಸ್ಟೈನ್ ಮತ್ತು ಕೋರೆನ್ ಅವರ ರೋಬಾಟಿಗೆ. ಅಲ್ಲಿ ಚೆನ್ನಾಗಿ ಓಡುತ್ತಿದ್ದದ್ದು ಕುರ್ಚಿಯಲ್ಲಿ ಕೈಕೊಟ್ಟಿತು. ಮನೆ ಬಾಗಿಲ ಇಕ್ಕಟ್ಟಿನಲ್ಲಿ ಕುರ್ಚಿ ನುಗ್ಗುತ್ತಿರಲಿಲ್ಲ, ಯಾಕಂದ್ರೆ ಬಾಗಿಲಿನ ಎರಡೂ ಚೌಕಟ್ಟು ಅದರ ಕಣ್ಣಿಗೆ ಅಡ್ಡಿಯೇ. ಇನ್ನೊಂದು ಕಾರಣ ನನ್ನಂಥ ಪ್ರೋಗ್ರಾಮರಿಗೆ ಪಾಠ ಇದ್ದ ಹಾಗೆ. ರೋಬಾಟಿನ ಮೇಲೆ ಮನುಷ್ಯ ಕೂತಿರೋದಿಲ್ಲ. ಅದು ಹೆಂಗಾದರೂ ಸುತ್ತಿ ಬಳಸಿ ಗುರಿ ಮುಟ್ಟಿದರೆ ಸಾಕು. ಕುರ್ಚಿಯಲ್ಲಿ ಕೂತವನಿಗೆ ತಾನು ಒಂದು ಕಡೆ ತೋರಿಸಿದರೆ ಅದು ಇನ್ನೊಂದು ಕಡೆ ಹೊರಟರೆ ಹೊಟ್ಟೆ ತೊಳೆಸುತ್ತೆ, ಸಿಟ್ಟೂ ಬರುತ್ತೆ. ಅದಕ್ಕೆ ಅವರು ಲೆಕ್ಕ ಬದಲಾಯಿಸಿದರು. ಎಲ್ಲಿ ದಾರಿ ಅಗಲವಾಗಿದೆ ಅನ್ನೋದರ ಬದಲು, ಕೂತವನು ಜಾಯ್‌ಸ್ಟಿಕ್ ತೋರಿಸಿದ ದಿಕ್ಕಿಗೆ ಅತಿ ಹತ್ತಿರವಾದ, ಅಪಾಯ ಇಲ್ಲದ ದಾರಿ ಯಾವುದು ಅಂತ ಹುಡುಕುವ ಹಾಗೆ ಮಾಡಿದರು.

ಆದರೂ ಒಂದು ತೊಡಕು ಉಳಿಯಿತು. ಕೂತವನು ಗೋಡೆಯ ಕಡೆ ಜಾಯ್‌ಸ್ಟಿಕ್ ತೋರಿಸಿದರೆ ಅವನಿಗೆ ಗೋಡೆ ಕಾಣಿಸಿಲ್ಲವೋ, ಅಥವಾ ಗೋಡೆ ಹತ್ತಿರವೇ ಹೋಗಬೇಕಿದೆಯೋ? ಮೇಜಿನ ಕಡೆ ಹೊರಟವನು ಡಿಕ್ಕಿ ಹೊಡೆಯೋಕೆ ಹೊರಟಿದ್ದಾನೋ, ಊಟಕ್ಕೆ ಹೊರಟಿದ್ದಾನೋ?

ಇದನ್ನು ಓದಿದ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ಮನೆ ಕೂತೆ. ನಮ್ಮ ಚಿಕ್ಕಪ್ಪ ಐದೇ ನಿಮಿಷದಲ್ಲಿ ಕೇಳಿದ್ದ ಪ್ರಶ್ನೆ ಇದು. ಮಿಷಿಗನ್ನಿನವರು ಅದಕ್ಕೆ ಬೇರೆ ಬೇರೆ ಮೋಡ್ ಮಾಡಿದರು: ಅಡ್ಡಿ ತಪ್ಪಿಸೋಕೆ ಒಂದು, ಬಾಗಿಲು ದಾಟೋಕೆ ಒಂದು, ಗೋಡೆಯ ಪಕ್ಕದಲ್ಲೇ ಸಾಗೋಕೆ ಒಂದು. ಯಾವಾಗ ಯಾವ ಮೋಡ್ ಬೇಕು ಅಂತ ಸಂಭವನೀಯತೆಯ ಲೆಕ್ಕ ಹಾಕಿ ಊಹಿಸುವ ಪದ್ಧತಿಯನ್ನೂ 1999ರ ಹೊತ್ತಿಗೆ ಮಾಡಿದರು. ನಾವು ಹುಡುಗರು ಮಾತ್ರ ಹತ್ತು ವರ್ಷ ಆದಮೇಲೆ 'ಒಂದೂವರೆ ಅಡಿ, ಸ್ಟಾಪ್' ಅಂತ ಎರಡು ಸಾಲು ಕೋಡ್ ಬರೆದು ಬಹುಮಾನ ತಗೊಂಡಿದ್ವಿ.

ಇದಕ್ಕಿಂತ ಬೇರೆ ದಾರಿ ಹಿಡಿದವರು ಸ್ಕಾಟ್ಲೆಂಡಿನವರು. ಎಡಿನ್‌ಬರೋ ವಿಶ್ವವಿದ್ಯಾಲಯದ ಕಾಲ್ ಸೆಂಟರ್ ಅನ್ನೋ ಸಂಸ್ಥೆ 1987ರಲ್ಲೇ ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಸ್ಮಾರ್ಟ್ ಕುರ್ಚಿ ಶುರುಮಾಡಿತ್ತು. ಹುಟ್ಟಿದಾಗಿಂದ ಬೇರೆಯವರೇ ಎತ್ತಿ ಇಡುತ್ತಿದ್ದ ಮಗು ಅದು. 'ನಾನು ಒತ್ತಿದರೆ ಏನೋ ಆಗುತ್ತೆ' ಅನ್ನೋದೇ ಅದಕ್ಕೆ ಗೊತ್ತಿರೋದಿಲ್ಲ. ಇಲ್ಲಿ ಗುದ್ದಿದರೆ ಕುರ್ಚಿ ತಿಳಿದುಕೊಳ್ಳುತ್ತೆ, ನೆಲದ ಮೇಲೆ ಅಂಟಿಸಿದ ಪಟ್ಟಿ ಹಿಡಿದು ಹೋಗುತ್ತೆ. ಮೊದಲ ದಿನ ಮಗು ಒಂದೇ ಗುಂಡಿ ಒತ್ತಿದರೂ ಸಾಕು, ಉಳಿದದ್ದು ಕುರ್ಚಿಯದು. ಮಗು ಕಲಿತಂತೆ ಕುರ್ಚಿಯ ಸಹಾಯ ಒಂದೊಂದಾಗಿ ಕಮ್ಮಿ ಮಾಡ್ತಾರೆ. ಸೈಕಲ್ ಕಲಿಸುವಾಗ ಅಪ್ಪ ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿ, ಗೊತ್ತಾಗದ ಹಾಗೆ ಕೈ ಬಿಡ್ತಾರಲ್ಲ, ಹಾಗೆ.

ಮೆಟ್ಟಿಲು ಹತ್ತಿದ ಕುರ್ಚಿ, ಬೀಗ ಹಾಕಿದ ಕುರ್ಚಿ

2003ರಲ್ಲಿ ಡೀನ್ ಕೇಮನ್ ಅವರ 'ಐಬಾಟ್' ಕುರ್ಚಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗೈರೋಸ್ಕೋಪಿನ ಸಹಾಯದಿಂದ ಎರಡೇ ಗಾಲಿ ಮೇಲೆ ಎದ್ದು ನಿಲ್ಲುತ್ತಿತ್ತು, ಮೆಟ್ಟಿಲು ಹತ್ತುತ್ತಿತ್ತು. ಕೂತವರು ನಿಂತವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಹುದಿತ್ತು. ಬೆಲೆ ಸುಮಾರು 25 ಸಾವಿರ ಡಾಲರ್. ಅಮೆರಿಕ ಸರ್ಕಾರದ ವಿಮೆ ಮಾತ್ರ ಇದಕ್ಕೂ ಮಾಮೂಲಿ ವಿದ್ಯುತ್ ಕುರ್ಚಿಗೆ ಕೊಡುವಷ್ಟೇ ಕೊಡ್ತೀನಿ ಅಂತು. ಕೊಳ್ಳುವವರು ಕಮ್ಮಿಯಾಗಿ 2009ರಲ್ಲಿ ತಯಾರಿಕೆಯೇ ನಿಂತಿತು. ಮತ್ತೆ ಮಾರುಕಟ್ಟೆಗೆ ಬರೋಕೆ ಹತ್ತು ವರ್ಷ ಹಿಡಿಯಿತು.

ಇನ್ನೊಂದು ಕಡೆ ಮಾಮೂಲಿ ವಿದ್ಯುತ್ ಕುರ್ಚಿಯೊಳಗೂ ಸಾಫ್ಟ್‌ವೇರ್ ಸೇರಿತು. ಎಷ್ಟು ವೇಗ, ಜಾಯ್‌ಸ್ಟಿಕ್ ಎಷ್ಟು ಸೂಕ್ಷ್ಮ, ಬ್ರೇಕ್ ಎಷ್ಟು ಬೇಗ, ಎಲ್ಲ ಈಗ ಒಳಗಿನ ನಂಬರುಗಳು. ಎಷ್ಟೋ ಕುರ್ಚಿಗಳಲ್ಲಿ ಆ ನಂಬರು ಬದಲಾಯಿಸೋಕೆ ಡೀಲರ್ ಹತ್ರ ಮಾತ್ರ ಇರುವ ಉಪಕರಣ ಬೇಕು. ಎಡ್ ರಾಬರ್ಟ್ಸ್ ಕಾಲದಲ್ಲಿ ತಿರುಪು ಬಿಚ್ಚಿದರೆ ಆಗುತ್ತಿದ್ದ ಕೆಲಸಕ್ಕೆ ಈಗ ಪಾಸ್‌ವರ್ಡು! ಕುರ್ಚಿ ಕೆಟ್ಟರೆ ವಾರಗಟ್ಟಲೆ ಹಾಸಿಗೆಯಲ್ಲೇ ಕಾಯಬೇಕಾದ ಜನ ಗಲಾಟೆ ಎಬ್ಬಿಸಿದರು. 2022ರಲ್ಲಿ ಕೊಲೊರಾಡೋ ರಾಜ್ಯ ವಿದ್ಯುತ್ ಗಾಲಿಕುರ್ಚಿಯ ಬಿಡಿಭಾಗ, ಮ್ಯಾನ್ಯುಯಲ್, ಸಾಫ್ಟ್‌ವೇರನ್ನು ಕಂಪನಿಗಳು ಮಾಲೀಕರಿಗೂ ಹೊರಗಿನ ರಿಪೇರಿಯವರಿಗೂ ಕೊಡಬೇಕು ಅಂತ ಕಾನೂನು ಮಾಡಿತು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು. 2023ರ ಜನವರಿಯಿಂದ ಜಾರಿಯಲ್ಲಿದೆ.

ನಮ್ಮ ಹೊಸ್ತಿಲ ಈಚೆಗೆ

ನಮ್ಮಲ್ಲಿ ಈ ಕಥೆ ಬೇರೆ ಥರ ನಡೆಯಿತು. 1959ರಲ್ಲಿ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದರು. ಪೋಲಿಯೋ ಅಂದ್ರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಸ್ವತಃ ಅನುಭವಿಸಿದವರು. 1972ರಲ್ಲಿ ಕೇಂದ್ರ ಸರ್ಕಾರ ಕಾನ್ಪುರದಲ್ಲಿ ಅಲಿಮ್ಕೋ ಕಾರ್ಖಾನೆ ಸ್ಥಾಪಿಸಿತು. ಕ್ಯಾಂಪುಗಳಲ್ಲಿ ಹಂಚುವ ಕೈಪೆಡಲ್ ಸೈಕಲ್, ಕ್ಯಾಲಿಪರ್, ಊರುಗೋಲು ಬಹುಪಾಲು ಅಲ್ಲಿಂದ ಬರುವಂಥವು.

2001ರ ಜನವರಿಯಲ್ಲಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಿದ್ದರು. ಕಂಪ್ಯೂಟರಿನಿಂದ ಮಾತಾಡುವ ಅವರ ಕುರ್ಚಿಗಿಂತ ಹೆಸರಾದ ಗಾಲಿಕುರ್ಚಿ ಆಗ ಜಗತ್ತಿನಲ್ಲೇ ಇರಲಿಲ್ಲ. ಅದೂ ಕುತುಬ್ ಮಿನಾರಿನ ಮೆಟ್ಟಿಲ ಮುಂದೆ ನಿಲ್ಲಬೇಕಾಗಿತ್ತು. ಅವರಿಗೋಸ್ಕರ ಅಲ್ಲಿ, ಜಂತರ್ ಮಂತರ್‌ನಲ್ಲಿ ತಾತ್ಕಾಲಿಕ ಮರದ ಇಳಿಜಾರು ಹಾಕಿದರು. ಹಲಗೆ ಇಲ್ಲದಿದ್ದರೆ ಎಷ್ಟು ಬುದ್ಧಿಯ ಕುರ್ಚಿಯಾದರೇನು?

ನಮ್ಮಂಥ ರಸ್ತೆಗೆ ಕುರ್ಚಿ ಹೇಗಿರಬೇಕು ಅಂತ ಯೋಚಿಸಿದವರು ರಾಲ್ಫ್ ಹಾಚ್‌ಕಿಸ್. 1966ರಲ್ಲಿ ಬೈಕ್ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅಮೆರಿಕದ ಎಂಜಿನಿಯರ್. 1980ರಲ್ಲಿ ನಿಕರಾಗುವಾಗೆ ಹೋದಾಗ ನಾಲ್ಕು ಜನ ಹುಡುಗರು ಒಂದೇ ಕುರ್ಚಿಯನ್ನು ಹಂಚಿಕೊಂಡು ಓಡಿಸುತ್ತಿದ್ದುದನ್ನು ಕಂಡರು. ಆ ಹುಡುಗರು ಅದನ್ನು ತಾವೇ ರಿಪೇರಿ ಮಾಡಿ, ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದ್ದರು. ಹಾಚ್‌ಕಿಸ್ ಅವರಿಂದ ಕಲಿತು, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಬಹುದಾದ, ಸೈಕಲ್ ಶಾಪಿನಲ್ಲಿ ಸರಿಪಡಿಸಬಹುದಾದ 'ವರ್ಲ್‌ವಿಂಡ್' ಕುರ್ಚಿಗಳನ್ನು ರೂಪಿಸಿದರು. ಮಣ್ಣಿನಲ್ಲಿ ಹೂತುಕೊಳ್ಳದ ಹಾಗೆ ಮುಂದಿನ ಗಾಲಿಗೆ ಅಗಲವಾದ ಗಟ್ಟಿ ರಬ್ಬರು. ಚಿಪ್ಪಿಲ್ಲ, ಸೆನ್ಸರ್ ಇಲ್ಲ. ಆದರೆ ಅದು ದಡ್ಡ ಕುರ್ಚಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ನಮ್ಮಲ್ಲೂ ಈಚೆಗೆ ಒಳ್ಳೇ ಕೆಲಸ ನಡೀತಿದೆ. ಐಐಟಿ ಮದ್ರಾಸಿನ ಸುಜಾತಾ ಶ್ರೀನಿವಾಸನ್ ಅವರ ತಂಡ 2019ರಲ್ಲಿ 'ಅರೈಸ್' ಅನ್ನೋ, ಕೂತವರು ತಾವೇ ಎದ್ದು ನಿಲ್ಲಬಹುದಾದ ಕುರ್ಚಿ ತಂದಿತು. ಅಲ್ಲಿಂದಲೇ ಹುಟ್ಟಿದ ನಿಯೋಮೋಷನ್ ಕಂಪನಿಯ 'ನಿಯೋಫ್ಲೈ' ಕುರ್ಚಿಯನ್ನು ಕೂತವರ ಅಳತೆಗೆ ತಕ್ಕ ಹಾಗೆ ಹೊಂದಿಸಿ ಕೊಡ್ತಾರೆ. ಅದಕ್ಕೆ 'ನಿಯೋಬೋಲ್ಟ್' ಅನ್ನೋ ಮೋಟರ್ ಗಾಲಿ ಸಿಕ್ಕಿಸಿದರೆ ರಸ್ತೆಯಲ್ಲಿ ಸ್ಕೂಟರಿನ ಹಾಗೆ ಓಡುತ್ತೆ.

ಇನ್ನು ಚಿಕ್ಕಪ್ಪನ ವಿಷಯ. ಈಗ ಅವರಿಗೆ ಅರವತ್ತು ದಾಟಿದೆ. ನಲವತ್ತು ವರ್ಷ ಕೈಪೆಡಲ್ ತಿರುಗಿಸಿ ತಿರುಗಿಸಿ ಭುಜ ಸವೆದಿದೆ, ಕೈ ಸ್ವಲ್ಪ ನಡುಗುತ್ತೆ. ಹೋದ ವರ್ಷ ಒಂದು ವಿದ್ಯುತ್ ಕುರ್ಚಿ ಕೊಡಿಸಿದೆ. ಜಾಯ್‌ಸ್ಟಿಕ್ ಚೂರು ಮುಟ್ಟಿದರೂ ಜಿಗಿಯೋದು. ಒಳಗೆ ಒಂದು ನಂಬರು ಕಮ್ಮಿ ಮಾಡಿದರೆ ಸಾಕು, ಅಷ್ಟೇ. ಹದಿನೈದು ವರ್ಷದಿಂದ ಕೋಡ್ ಬರೆದೇ ಅನ್ನ ತಿನ್ನೋ ನನಗೆ ಆ ನಂಬರು ಮುಟ್ಟೋಕೆ ಆಗಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, ಟೆಕ್ನೀಷಿಯನ್ ಬರೋಕೆ ಮೂರು ವಾರ ಆಗುತ್ತೆ ಅಂದರು.

ಮುಂದಿನ ಶನಿವಾರ ಊರಿಗೆ ಹೋದೆ. ಚಿಕ್ಕಪ್ಪ ಅಂಗಡಿಯಲ್ಲಿ ಅದೇ ಕುರ್ಚಿ ಮೇಲೆ ಕೂತು ಪಂಚರ್ ಹಾಕ್ತಿದ್ದರು. ಜಾಯ್‌ಸ್ಟಿಕ್ ಬುಡಕ್ಕೆ ಹಳೇ ಸೈಕಲ್ ಟ್ಯೂಬಿನ ತುಂಡನ್ನು ಬಳೆಯ ಹಾಗೆ ನಾಲ್ಕು ಸುತ್ತು ಸುತ್ತಿದ್ದರು. ಈಗ ಕಡ್ಡಿ ಪೂರಾ ಬಾಗಲ್ಲ, ಕೈ ನಡುಗಿದರೂ ಕುರ್ಚಿ ಜಿಗಿಯಲ್ಲ.

"ಟೆಕ್ನೀಷಿಯನ್ ಬಂದ್ನಾ?" ಅಂದೆ.

"ಅವ್ನು ಬಂದಾಗ ಬರ್ಲಿ ಬಿಡು. ಕತ್ಲಾಯ್ತು," ಅಂದು ಕುರ್ಚಿನ ಸೀದಾ ಗೋಡೆಗೆ ತಾಗುವಷ್ಟು ಹತ್ತಿರ ತಗೊಂಡು ಹೋಗಿ ಲೈಟ್ ಹಾಕಿದರು.

ಈಗಲೂ ವರ್ಷಕ್ಕೆ ಒಂದೆರಡು ಸಲ ಬಿಇ ಹುಡುಗ ಹುಡುಗಿಯರು ಸ್ಮಾರ್ಟ್ ವೀಲ್‌ಚೇರ್ ಪ್ರಾಜೆಕ್ಟಿನ ಕೋಡ್ ಕೇಳಿ ನನಗೆ ಮೆಸೇಜ್ ಮಾಡ್ತಾರೆ. ಕೊಡ್ತೀನಿ. ಆದರೆ ಒಂದು ಷರತ್ತು. ಮೊದಲು ನಿಮ್ಮೂರಲ್ಲೋ ಬೀದಿಯಲ್ಲೋ ಗಾಲಿಕುರ್ಚಿ, ಕೈಪೆಡಲ್ ಸೈಕಲ್ ಬಳಸುವ ಒಬ್ಬರ ಜೊತೆ ಒಂದು ದಿನ ಪೂರ್ತಿ ಇದ್ದು ಬನ್ನಿ. ಅವರು ದಿನಕ್ಕೆ ಎಷ್ಟು ಸಲ ಗೋಡೆ ಹತ್ತಿರ ಹೋಗ್ತಾರೆ, ಯಾಕೆ ಹೋಗ್ತಾರೆ ಅಂತ ಬರೆದುಕೊಂಡು ಬನ್ನಿ. ಆಮೇಲೆ ಕೋಡ್ ನೋಡೋಣ.